ಅವ್ವನ ಕೈಗೆ ಕಂದು ಪಟ್ಟಿ

ನನ್ನ ಹಡೆದ ತಾಯಿಯನ್ನು ನಾನು ಕೆಲಸದಾಕೆ ಎಂದು ಹೇಳಿದ್ದೇನೆ. ಒಮ್ಮೆಯಲ್ಲ, ಎರಡು ಸಲ. ಮೊದಲನೆಯದು ಹಣ ಉಳಿಸಲಿಕ್ಕೆ. ಎರಡನೆಯದು — ಎರಡನೆಯದು ಯಾಕೆ ಎಂದು ನನಗೆ ನಾನೇ ಒಪ್ಪಿಕೊಳ್ಳುವುದಕ್ಕೆ ಇಷ್ಟು ವರ್ಷ ಹಿಡಿಯಿತು.

ಇದನ್ನು ಓದುವವರಲ್ಲಿ ನನ್ನನ್ನು ಬಲ್ಲವರು ಇದ್ದೇ ಇರುತ್ತೀರಿ. ಶಿರಸಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಕೆಳಗೆ ಪಾರ್ಲರ್, ಮೇಲೆ ಮನೆ. ಸಿದ್ದಾಪುರ, ಯಲ್ಲಾಪುರದಿಂದಲೂ ಮದುಮಗಳನ್ನು ಕರೆದುಕೊಂಡು ಬರುತ್ತಾರೆ. ನನ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಹುಬ್ಬು ತೀಡಿಸಿಕೊಂಡ ಹೆಂಗಸರಲ್ಲಿ ಎಷ್ಟೋ ಜನ ನನ್ನಿಂದ ಪ್ರವಾಸದ ಪಾಠವನ್ನೂ ಹೇಳಿಸಿಕೊಂಡಿದ್ದೀರಿ. ದೊಡ್ಡ ಥೀಮ್ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅಲ್ಲಿಯದೇ ಐಷಾರಾಮಿ ಹೋಟೆಲಿನಲ್ಲಿ ಉಳಿದುಕೊಂಡು, ಅರ್ಧ ಖರ್ಚಿನಲ್ಲಿ ಬರುವುದು ಹೇಗೆ — ಇದು ನನ್ನ ಮೆಚ್ಚಿನ ವಿಷಯವಾಗಿತ್ತು. ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳುತ್ತಿದ್ದೆ. ಆ ಪಾಠದಲ್ಲಿ ಒಂದು ಉಪಾಯವಿತ್ತು. ನೀವೆಲ್ಲ ನಕ್ಕು ಮೆಚ್ಚಿಕೊಂಡಿದ್ದು ಅದನ್ನೇ. ಆ ಉಪಾಯ ನನಗೆ ಹೊಳೆದದ್ದು ಹೇಗೆ ಎಂದು ನಾನು ಯಾರಿಗೂ ಹೇಳಿರಲಿಲ್ಲ.

ಹಣ ಉಳಿಸುವುದು ನನಗೆ ಚಟ. ಇಲ್ಲದವರ ಉಳಿತಾಯ ಬೇರೆ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ನಮಗೆ ಇರುವುದು ಇತ್ತು. ನನ್ನ ಗಂಡ ಮಹಾಂತೇಶರ ಟೈರ್ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು, ಪಾರ್ಲರ್ ಕೈ ಹಿಡಿದಿತ್ತು. ನನಗೆ ಬೇಕಾಗಿದ್ದು ದೊಡ್ಡವರ ಸುಖ, ಸಣ್ಣವರ ದರದಲ್ಲಿ. ಎಲ್ಲರೂ ಪೂರ್ತಿ ತೆತ್ತ ಕಡೆ ನಾನು ಅರ್ಧ ತೆತ್ತೆ ಅಂದರೆ ಆ ದಿನ ನನಗೆ ಊಟ ರುಚಿಸುತ್ತಿತ್ತು. ಬೇರೆ ಮಕ್ಕಳಿಗೆ ಪರೀಕ್ಷೆ ನಡೆಯುವಾಗ ಹೋಗಬೇಕು, ವಾರದ ನಡುವೆ ಹೋಗಬೇಕು, ಕೂಪನ್ ಬರುವ ತನಕ ಕಾಯಬೇಕು. ಈಜುವ ಬಟ್ಟೆ ಮನೆಯಿಂದಲೇ ಒಯ್ಯಬೇಕು, ಅಲ್ಲಿ ಬಾಡಿಗೆ ಸುಲಿಯುತ್ತಾರೆ. ಬೆಳಗಿನ ತಿಂಡಿ ರೂಮಿನ ದರದಲ್ಲೇ ಬರುತ್ತದೆ, ಮಕ್ಕಳಿಗೆ ಗಂಟಲ ತನಕ ತುರುಕಬೇಕು, ಮಧ್ಯಾಹ್ನದ್ದು ತಡವಾದರೂ ನಡೆಯುತ್ತದೆ. ಗೇಟಿನಲ್ಲಿ ಮಕ್ಕಳ ಎತ್ತರ ಅಳೆಯುವ ಕೋಲು ಇರುತ್ತದೆ, ಅದರ ಗುರುತು ಮೀರಿದರೆ ದೊಡ್ಡವರ ಟಿಕೆಟ್ಟು. ಅದರ ಮುಂದೆ ನಿಲ್ಲುವಾಗ ಫ್ರಾಕಿನ ಒಳಗೇ ಮೊಣಕಾಲು ಚೂರು ಬಗ್ಗಿಸಬೇಕು ಎಂದು ನನ್ನ ಮಗಳು ಸೃಷ್ಟಿಗೆ ಮನೆಯ ಕನ್ನಡಿ ಮುಂದೆ ನಿಲ್ಲಿಸಿ ಕಲಿಸಿದ್ದೆ. ಅವಳು ಚೆನ್ನಾಗಿ ಕಲಿತಳು. ನಾನು ಹೆಮ್ಮೆಪಟ್ಟೆ.

ಅವ್ವ ನಮ್ಮ ಜೊತೆಗಿದ್ದಳು. ಬನವಾಸಿ ಕಡೆಯ ಹಳ್ಳಿಯವಳು, ಹೆಸರು ಬಸಮ್ಮ. ನಾನು ಒಬ್ಬಳೇ ಮಗಳು. ಅಪ್ಪ ತೀರಿಕೊಂಡ ಮೇಲೆ ನಾನೇ ಹಟ ಮಾಡಿ ಕರೆದುಕೊಂಡು ಬಂದೆ. ಹಾಗೆಂದು ಎಲ್ಲರಿಗೂ ಹೇಳಿಕೊಳ್ಳುತ್ತೇನೆ, ಅದು ಸುಳ್ಳೂ ಅಲ್ಲ. ಆದರೆ ಮಗಳ ಮನೆಯಲ್ಲಿ ಕುಳಿತು ಉಣ್ಣುವುದು ಅವ್ವನಿಗೆ ಒಗ್ಗಲಿಲ್ಲ. ಅಳಿಯ ಎದುರು ಬಂದರೆ ಸೆರಗು ಎಳೆದುಕೊಂಡು ಎದ್ದು ನಿಲ್ಲುತ್ತಿದ್ದಳು. ಯಾರೂ ಹೇಳದಿದ್ದರೂ ಕಸ ಹೊಡೆದಳು, ಪಾತ್ರೆ ತಿಕ್ಕಿದಳು, ನನ್ನ ಮಗ ಪುಟ್ಟನನ್ನು ಸೊಂಟದಿಂದ ಇಳಿಸದೆ ಸಾಕಿದಳು. ನಾನು ಏನು ಮಾಡಿದೆ ಗೊತ್ತೆ? ಪಾತ್ರೆಗೆ ಬರುತ್ತಿದ್ದ ಹೆಂಗಸಿಗೆ ಮುಂದಿನ ತಿಂಗಳಿಂದ ಬರಬೇಡ ಎಂದೆ. ಅದೂ ಒಂದು ಉಳಿತಾಯ. ಹೀಗಾಗಿ, ಹೋಟೆಲಿನ ಕೌಂಟರಿನಲ್ಲಿ ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಮನೆಯಲ್ಲಿ ಅದನ್ನು ಜಾರಿಗೆ ತಂದು ಆಗಲೇ ವರ್ಷವಾಗಿತ್ತು.

ಅವ್ವನ ಇನ್ನೊಂದು ನಡೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವ್ವ ಕೊರಳಲ್ಲಿ ಲಿಂಗ ಕಟ್ಟಿದವಳು. ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಪೂಜೆ ಮಾಡುವ ತನಕ ಬಾಯಿಗೆ ಚಹಾ ಸಹ ಹಾಕುವುದಿಲ್ಲ. ಉಣ್ಣುವಾಗ ತಾಟಿನಲ್ಲಿ ಒಂದು ಅಗುಳು ಬಿಡುವುದಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಅಂಚನ್ನೆಲ್ಲ ತೊಳೆದು, ಆ ನೀರನ್ನು ಎತ್ತಿ ಕುಡಿಯುತ್ತಾಳೆ. ಹಳೆಯ ಶರಣರ ಮನೆಗಳಲ್ಲಿ ಈಗಲೂ ಹೀಗೆ ಮಾಡುವವರಿದ್ದಾರೆ. ಉಣ್ಣುವುದು ಪ್ರಸಾದ, ಪ್ರಸಾದವನ್ನು ಚೆಲ್ಲುವುದಿಲ್ಲ, ಇಷ್ಟೇ. ಸಣ್ಣವಳಿದ್ದಾಗ ನಾನೂ ಅವ್ವನ ಪಕ್ಕದಲ್ಲಿ ಕುಳಿತು ಹಾಗೇ ಕುಡಿಯುತ್ತಿದ್ದೆ. ಸಾರಿನ ರುಚಿಯ ಆ ತೆಳು ನೀರು ನನಗೆ ಇಷ್ಟವೇ ಆಗಿತ್ತು. ಶಿರಸಿಗೆ ಕಾಲೇಜಿಗೆ ಬಂದು ಹಾಸ್ಟೆಲ್ ಸೇರಿದ ಮೊದಲ ವಾರವೇ ಬಿಟ್ಟೆ. ಒಬ್ಬಳು ನೋಡಿ ಮೂಗು ಮುರಿದಿದ್ದಳು, ಅಷ್ಟೇ ಕಾರಣ.

ಆ ಪ್ರವಾಸಕ್ಕೆ ಅವ್ವನನ್ನು ಕರೆದಾಗ ಅವಳು ಬೇಡವೆಂದೇ ಹೇಳಿದಳು. “ನಾ ಯಾಕಬೇ ಅಲ್ಲಿ? ನೀರಾಗ ಜಾರಾಕ ನಂದೇನು ವಯಸ್ಸೇನು? ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ” ಎಂದಳು. ನಾನು ಬಿಡಲಿಲ್ಲ. ಅವ್ವನಿಗೂ ಲೋಕ ತೋರಿಸಬೇಕು ಎಂದು ನೆಂಟರ ಮುಂದೆ ಹೇಳಿದೆ. ನಿಜವೇನೆಂದರೆ ಪುಟ್ಟ ಆಗ ಸಣ್ಣವನು, ಅವನನ್ನು ಹೊತ್ತುಕೊಂಡು ನಾನು ರೈಡ್ ಹತ್ತುವಂತಿರಲಿಲ್ಲ. ಅವನನ್ನು ಹಿಡಿದುಕೊಂಡು ಹೊರಗೆ ನಿಲ್ಲಲು ಒಬ್ಬರು ಬೇಕಾಗಿತ್ತು. ಪಾಪ, ಅವ್ವ ಹೊಸ ಸೀರೆ ತೆಗೆದಿಟ್ಟಳು. ದಾರಿಗೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ನನ್ನ ಕೈಗೆ ಸೀರೆ ಕೊಟ್ಟು “ಇದಕ್ಕ ಇಸ್ತ್ರಿ ಮಾಡಸು, ದೊಡ್ಡ ಹೋಟೆಲ್ಲಂತ” ಎಂದಳು. ಇಸ್ತ್ರಿ ಮಾಡಿಸಿದ್ದೆ.

ಅಲ್ಲಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಮಹಾಂತೇಶ ಕಾರು ನಿಲ್ಲಿಸಲು ಹೋದರು. ಲಾಬಿ ಅರಮನೆಯ ಹಾಗೆ ಹೊಳೆಯುತ್ತಿತ್ತು, ಎಲ್ಲ ಕಡೆ ಮೆತ್ತನೆಯ ಸೋಫಾಗಳು. ಅವ್ವ ಸೋಫಾದ ಮೇಲೆ ಕೂರಲಿಲ್ಲ. ಪುಟ್ಟನ ಕೈಬಾಯೆಲ್ಲ ಚಟ್ನಿಯಾಗಿತ್ತು, ಸೋಫಾಕ್ಕೆ ಹತ್ತೀತೆಂದು ನಮ್ಮ ಚೀಲಗಳ ನಡುವೆ ನೆಲದ ಮೇಲೇ ಕುಳಿತು, ಅವನನ್ನು ತೊಡೆಯ ಮೇಲೆ ಹಾಕಿಕೊಂಡು ರೊಟ್ಟಿ ಮುರಿದು ತಿನ್ನಿಸುತ್ತಿದ್ದಳು. ನಾನು ಕೌಂಟರಿನಲ್ಲಿ ಜಗಳಕ್ಕೆ ನಿಂತಿದ್ದೆ. ನಾನು ಬುಕ್ ಮಾಡಿದ ರೂಮು ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ. ಮೂರನೆಯ ದೊಡ್ಡವರಿಗೆ ಬೇರೆ ಹಾಸಿಗೆ, ಬೇರೆ ದರ, ಪಾರ್ಕಿನ ಟಿಕೆಟ್ಟೂ ಬೇರೆ. ಹಿರಿಯರಿಗೆ ರಿಯಾಯಿತಿ ಇದೆಯೆಂದು ಓದಿ ಬಂದಿದ್ದೆ, ಆ ರಿಯಾಯಿತಿಗೂ ನೂರೆಂಟು ಷರತ್ತು. ಕೌಂಟರಿನ ಹುಡುಗ ನಯವಾಗಿಯೇ ಇದ್ದ. ನನ್ನ ಹೆಗಲ ಮೇಲಿಂದ ಅವ್ವನ ಕಡೆ ನೋಡಿ, ನನಗೆ ಸಹಾಯ ಮಾಡುವ ದನಿಯಲ್ಲೇ ಕೇಳಿದ:

“ಅವರು ಮಗು ನೋಡಿಕೊಳ್ಳೋ ಆಯಾನಾ ಮೇಡಂ? ಆಯಾ, ಡ್ರೈವರ್ ಆದ್ರೆ ಹಿಂದೆ ಡಾರ್ಮಿಟರಿ ಫ್ರೀ ಇದೆ. ಮಗು ಜೊತೆ ಪಾರ್ಕಿಗೂ ಬಿಡ್ತೀವಿ.”

ನಾನು ಹಿಂದೆ ತಿರುಗಿ ನೋಡಿದೆ. ಆ ಹುಡುಗನ ಕಣ್ಣಿನಿಂದ ಅವ್ವನನ್ನು ನೋಡಿದೆ — ನೆಲದ ಮೇಲೆ ಕೂತ ಮುದುಕಿ, ಸುತ್ತ ಚೀಲ, ತೊಡೆಯ ಮೇಲೆ ಬೇರೆಯವರದೆಂಬಂಥ ಚೆಂದದ ಮಗು. ನೋಡಿ, ಹೌದಲ್ಲ ಎನ್ನಿಸಿತು. ಯೋಚಿಸಿದೆ, ಒದ್ದಾಡಿದೆ, ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದೆ ಎಂದೆಲ್ಲ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನಗೆ ಆದದ್ದು ಖುಷಿ. ಬಿದ್ದ ನಾಣ್ಯ ಸಿಕ್ಕಂಥ ಖುಷಿ.

“ಹೌದು, ಆಯಾ” ಎಂದೆ.

ನಮ್ಮ ನಾಲ್ವರ ಕೈಗೆ ನೀಲಿ ಬಣ್ಣದ ಕಾಗದದ ಪಟ್ಟಿ ಕಟ್ಟಿದರು. ಅವ್ವನ ಕೈಗೆ ಕಂದು ಪಟ್ಟಿ. ನೀಲಿಯವರು ಎಲ್ಲಿ ಬೇಕಾದರೂ ಹೋಗಬಹುದು, ಕಂದು ಪಟ್ಟಿಯವರು ಮಗು ಇದ್ದಲ್ಲಿ ಮಾತ್ರ. ಊಟದ ಹಾಲ್‌ಗೆ ಬಂದು ಮಗುವಿಗೆ ತಿನ್ನಿಸಬಹುದು, ತಾವು ಹಿಂದಿನ ಮೆಸ್ಸಿನಲ್ಲೇ ಉಣ್ಣಬೇಕು. ಅವ್ವ ಕೈ ಮುಂದೆ ಚಾಚಿ, ಹಬ್ಬದಲ್ಲಿ ಬಳೆಗಾರನ ಎದುರು ಕುಳಿತವಳ ಹಾಗೆ, ನಗುತ್ತ ಕಟ್ಟಿಸಿಕೊಂಡಳು. “ನಂದ್ಯಾಕ ಬ್ಯಾರೆ ಬಣ್ಣಾ?” ಎಂದು ಕೇಳಿದಳು. “ನಿನ್ನ ರೂಮ್ ಹಿಂದ ಐತೆವ್ವಾ, ಬ್ಯಾರೆ ಕೊಟ್ಟಾರ. ನಮ್ಮ ರೂಮ್ ಸಣ್ಣದು” ಎಂದೆ. ಕಾರು ನಿಲ್ಲಿಸಿ ಬಂದ ಮಹಾಂತೇಶರಿಗೆ ಲಿಫ್ಟಿನಲ್ಲಿ ಹೇಳಿದೆ. ಅವರು ನನ್ನ ಮುಖ ನೋಡಿ, “ನಿಮ್ಮ ಅವ್ವ. ನಿನಗ ತಿಳೀಬೇಕು” ಎಂದರು. ಅವರ ಮೇಲೆ ತಪ್ಪು ಹೊರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ನನಗೆ ತಿಳಿಯಬೇಕಾಗಿತ್ತು. ನಮ್ಮ ರೂಮು ಸಣ್ಣದಾಗಿರಲಿಲ್ಲ. ಒಂದು ಮೂಲೆಯಲ್ಲಿ ಯಾರೂ ಮಲಗದ ಉದ್ದ ದಿವಾನ್ ಮಂಚವೊಂದಿತ್ತು, ನಾನು ಅದರ ಮೇಲೆ ಒದ್ದೆ ಟವೆಲ್ ಒಣಹಾಕಿದೆ.

ಎರಡನೆಯ ಸಲದ ಮಾತು ಮರುದಿನ ಮಧ್ಯಾಹ್ನದ್ದು.

ಬೆಳಗ್ಗೆಯಿಂದ ಅವ್ವ ಪುಟ್ಟನನ್ನು ಎತ್ತಿಕೊಂಡು ಬಿಸಿಲಲ್ಲಿ ನಿಂತಿದ್ದಳು. ನಾವು ಮೂವರು ಮೇಲಿನಿಂದ ಜಾರಿ ಕೆಳಗೆ ನೀರಿಗೆ ಬೀಳುತ್ತಿದ್ದೆವು, ಕಿರುಚುತ್ತಿದ್ದೆವು, ಮತ್ತೆ ಹತ್ತುತ್ತಿದ್ದೆವು. ಅವ್ವ ಪ್ರತಿ ಸಲ ನಾನು ಮೇಲೆದ್ದು ಬರುವ ತನಕ ನೀರನ್ನೇ ನೋಡುತ್ತಿದ್ದಳು. ಊಟದ ಹಾಲಿನಲ್ಲಿ ನಮ್ಮ ಟೇಬಲ್ ಪಕ್ಕ ಅವನನ್ನು ಕೂರಿಸಿಕೊಂಡು ತಿನ್ನಿಸಿದಳು. ಆ ಊಟದ ಹಾಲ್ ನೀವು ನೋಡಬೇಕಿತ್ತು. ಬೇಕಾದಷ್ಟು ಬಡಿಸಿಕೊಳ್ಳುವ ವ್ಯವಸ್ಥೆ. ದುಡ್ಡು ಕೊಟ್ಟಿದ್ದೇವಲ್ಲ ಎಂದು ಎಲ್ಲರೂ ಗುಡ್ಡೆ ಹಾಕಿಕೊಂಡು ಬರುತ್ತಿದ್ದರು, ನಾನೂ. ಒಂದು ಚಮಚ ಕೆದಕಿ ಬಿಟ್ಟ ಕೇಕು, ಕಚ್ಚಿ ಇಟ್ಟ ಪನೀರು, ಪಾಯಸದಲ್ಲಿ ಮುಳುಗಿದ ಪೂರಿ. ಟೇಬಲ್ಲುಗಳ ಮೇಲೆಲ್ಲ ಹೊಲಸು ಮಾಡಿಟ್ಟು ಎದ್ದು ಹೋಗುತ್ತಿದ್ದರು, ಹುಡುಗರು ಅದನ್ನೆಲ್ಲ ದೊಡ್ಡ ಡಬ್ಬಿಗೆ ಸುರಿಯುತ್ತಿದ್ದರು. ಇದು ಯಾವುದೂ ನನಗೆ ಹೇಸಿಗೆ ಎನ್ನಿಸಿರಲಿಲ್ಲ.

ಪುಟ್ಟ ನಾಲ್ಕು ತುತ್ತು ತಿಂದು ಮುಖ ತಿರುಗಿಸಿದ. ತಾಟಿನಲ್ಲಿ ಅನ್ನ ಹಾಗೇ ಉಳಿಯಿತು. ಅವ್ವ ಅದನ್ನು ಉಂಡಳು. ಅವಳಿಗೆ ಹಸಿವಾಗಿತ್ತು ಎಂದು ಆಮೇಲೆ ತಿಳಿಯಿತು. ಡಾರ್ಮಿಟರಿಯಲ್ಲಿ ಸ್ನಾನಕ್ಕೆ ಪಾಳಿ, ಪೂಜೆಗೆ ಜಾಗವಿಲ್ಲ. ಎಲ್ಲ ಮುಗಿಸುವಷ್ಟರಲ್ಲಿ ಮೆಸ್ಸಿನ ತಿಂಡಿ ಮುಗಿದಿತ್ತು. ಉಂಡಾದ ಮೇಲೆ ತಾಟಿಗೆ ನೀರು ಹಾಕಿದಳು. ಬೆರಳಿನಿಂದ ತೊಳೆದಳು. ಎರಡೂ ಕೈಯಲ್ಲಿ ಎತ್ತಿ ಕುಡಿದಳು.

ಪಕ್ಕದ ಟೇಬಲ್ಲಿನಲ್ಲಿ ಒಂದು ಕುಟುಂಬವಿತ್ತು. ಹಾವೇರಿ ಕಡೆಯವರು, ಮಾತಿನಿಂದ ಗೊತ್ತಾಗುತ್ತಿತ್ತು. ಆ ಹೆಂಗಸು ನನ್ನ ವಯಸ್ಸಿನವಳೇ, ಕೈಗೆ ನೀಲಿ ಪಟ್ಟಿ. ಅವ್ವನನ್ನೇ ನೋಡುತ್ತಿದ್ದಳು. ನನ್ನ ಕಿವಿ ಬಿಸಿಯಾಯಿತು. ಎಲ್ಲಿ ಮೂಗು ಮುರಿಯುತ್ತಾಳೋ ಎಂದು ಕಾದೆ. ಆಕೆ ಮೂಗು ಮುರಿಯಲಿಲ್ಲ, ನಕ್ಕಳು. ಅಕ್ಕರೆಯಿಂದ ನಕ್ಕಳು.

“ನಮ್ಮ ಆಯಿ ಹಿಂಗ ತಾಟ ತೊಳದು ಕುಡೀತಿದ್ಲರಿ. ನೋಡಿ ಭಾಳ ವರ್ಷ ಆಗಿತ್ತು. ನಿಮ್ಮ ಅವ್ವಾರೇನ್ರಿ?”

ಅಲ್ಲಿ ಕೌಂಟರಿನ ಹುಡುಗ ಇರಲಿಲ್ಲ. ಬಡಿಸುವವರು ದೂರವಿದ್ದರು, ಮಹಾಂತೇಶ ಮತ್ತು ಸೃಷ್ಟಿ ಮತ್ತೆ ಬಡಿಸಿಕೊಳ್ಳಲು ಹೋಗಿದ್ದರು. ಹೌದೆಂದಿದ್ದರೆ ಯಾರೂ ನನ್ನಿಂದ ಒಂದು ಕಾಸು ಹೆಚ್ಚು ಕೇಳುತ್ತಿರಲಿಲ್ಲ. ಆಕೆ ನನ್ನ ಅವ್ವನ ಪಕ್ಕಕ್ಕೆ ಬಂದು ಕುಳಿತು ಎರಡು ಮಾತಾಡುತ್ತಿದ್ದಳೋ ಏನೋ, ಅಷ್ಟೇ. ಎರಡನೆಯ ಸಲಕ್ಕೆ ಹಣದ ನೆಪವೂ ನನಗಿಲ್ಲ. ಎಂಜಲು ತಾಟಿನ ನೀರು ಕುಡಿದ ಆ ಮುದುಕಿಗೂ ನನಗೂ ಸಂಬಂಧವಿದೆ ಎಂದು ಆ ಹಾಲಿನಲ್ಲಿ ಒಬ್ಬರಿಗೂ ಗೊತ್ತಾಗಬಾರದಿತ್ತು. ನನಗೆ ಅವ್ವನ ಮೇಲೆ ಹೇಸಿಗೆಯಾಗಿತ್ತು. ಇದೇ ನಿಜ. ಇದನ್ನು ಬರೆಯುವುದಕ್ಕೇ ಇಷ್ಟು ವರ್ಷ —

“ಅಲ್ರಿ,” ಎಂದೆ. “ಕೆಲಸದಾಕಿ.”

ಅವ್ವನಿಗೆ ತಿಳಿಯುವ ಕನ್ನಡದಲ್ಲೇ ಹೇಳಿದೆ. ಅವ್ವ ಒಂದು ಮಾರು ದೂರದಲ್ಲಿದ್ದಳು. ಅಷ್ಟಕ್ಕೇ ಬಿಡಲಿಲ್ಲ ನಾನು. ಆಕೆ ನಂಬಲಿ ಎಂದು ಅವ್ವನ ಕಡೆ ತಿರುಗಿ, ದನಿ ಏರಿಸಿ, “ಇಲ್ಲಿ ಹಂಗೆಲ್ಲಾ ಮಾಡಬಾರದು ಅಂತ ತಿಳಿಯೂದಿಲ್ಲ? ತಾಟು ಅಲ್ಲೇ ಇಡು. ಹಿಂದ ಹೋಗಿ ಉಣ್ಣು” ಎಂದೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಆ ಹೆಂಗಸಿನ ಮುಖ ನೋಡಿದಳು. ತನ್ನ ಕೈಯ ಕಂದು ಪಟ್ಟಿಯನ್ನೂ ನೋಡಿಕೊಂಡಳು. ಎಲ್ಲ ತಿಳಿಯಿತು ಅವಳಿಗೆ, ಅದು ನನಗೂ ಕಂಡಿತು. ತಾಟನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟಳು. ಎದ್ದು, ಸೆರಗು ಸರಿಮಾಡಿಕೊಂಡು, ನನಗೆ ಹೇಳಿದಳು:

“ಆತ್ರೀ ಅಕ್ಕಾರ.”

ನನ್ನನ್ನು ಹಡೆದು, ನನಗೆ ಮಾತು ಕಲಿಸಿದವಳು ನನ್ನನ್ನು ಬಹುವಚನದಲ್ಲಿ ಕರೆದಳು. ಸಿಟ್ಟಿನಿಂದಲ್ಲ, ಚುಚ್ಚುವುದಕ್ಕಲ್ಲ. ಮಗಳ ಸುಳ್ಳು ಮಂದಿಯ ಎದುರು ಬಯಲಾಗಬಾರದೆಂದು. ನಾನು ಬಿದ್ದ ಕಡೆಯೆಲ್ಲ ನನಗಿಂತ ಮೊದಲು ಬಂದು ಎತ್ತುವುದು ಅವಳ ರೂಢಿ. ಅಲ್ಲೂ ಎತ್ತಿದಳು. ನಾನು ಆಗ ಏನು ಮಾಡಿದೆ? ಉಸಿರು ಬಿಟ್ಟೆ. ಬಚಾವಾದೆ ಎಂದುಕೊಂಡೆ. ಐಸ್ ಕ್ರೀಮ್ ತರಲು ಎದ್ದು ಹೋದೆ, ಥೂ!

ಹೊರಡುವ ದಿನ ಬೆಳಿಗ್ಗೆ ಅವಳನ್ನು ಕರೆಯಲು ಡಾರ್ಮಿಟರಿಗೆ ಹೋದೆ. ಅದರ ಮುಖ ನಾನು ನೋಡಿದ್ದು ಅದೇ ಮೊದಲು. ಫಿನಾಯಿಲ್ ವಾಸನೆ, ಒದ್ದೆ ಬಟ್ಟೆಯ ವಾಸನೆ. ಒಂದರ ಮೇಲೊಂದು ಕಬ್ಬಿಣದ ಮಂಚ, ಪ್ಲೈವುಡ್ ಗೋಡೆಯ ಆಚೆ ಡ್ರೈವರುಗಳ ಕೆಮ್ಮು, ಬೀಡಿ. ಅವ್ವನಿಗೆ ಸಿಕ್ಕಿದ್ದು ಮೇಲಿನ ಮಂಚ. ಅವಳು ಹತ್ತಲಾರದೆ ಕೆಳಗೆ ಸೀರೆ ಹಾಸಿಕೊಂಡು ಮಲಗಿದ್ದಳು, ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ ಆ ಸೀರೆಯನ್ನು. ನಾನು ಹೋದಾಗ ಅದನ್ನು ಮಡಚುತ್ತಿದ್ದಳು. “ನಿದ್ದಿ ಚಲೋ ಬಂತು. ನೆಲಾ ತಣ್ಣಗಿತ್ತು” ಎಂದಳು. ನಾನು ಕೇಳಿರಲಿಲ್ಲ, ಅವಳಾಗಿಯೇ ಹೇಳಿದಳು.

ಗೇಟಿನ ಹತ್ತಿರ ಕೋಟೆಯ ಆಕಾರದ ಕಟ್ಟಡದ ಮುಂದೆ ಫೋಟೋ ತೆಗೆಸಿಕೊಂಡೆವು. ನಾವು ನಾಲ್ವರು. ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ ಅವ್ವನ ಕೈ ಮಾತ್ರ ಅಂಚಿನಲ್ಲಿ ಬಂದಿತ್ತು, ಕಂದು ಪಟ್ಟಿ ಸಮೇತ. ಸ್ಟೇಟಸ್ಸಿಗೆ ಹಾಕುವ ಮೊದಲು ಅಷ್ಟನ್ನು ಕತ್ತರಿಸಿದೆ. ಅದನ್ನು ನೋಡಿ ನೀವೆಲ್ಲ ಹೃದಯದ ಗುರುತು ಕಳಿಸಿದಿರಿ. ಉಳಿದ ಹಣಕ್ಕೆ ಪಾರ್ಲರಿಗೆ ಮುಖಕ್ಕೆ ಹಬೆ ಹಿಡಿಯುವ ಯಂತ್ರ ಬಂತು. ಅದರ ಮುಂದೆ ನೀವು ಕುಳಿತಿದ್ದೀರಿ.

ಮನೆಗೆ ಬಂದ ಮೇಲೆ ಅವ್ವ ಆ ಬಗ್ಗೆ ಒಂದು ಮಾತು ಎತ್ತಲಿಲ್ಲ. ಮೊದಲಿನ ಹಾಗೆ “ಏ ಸವೀ” ಎಂದೇ ಕರೆದಳು. ಮರೆತಿದ್ದಾಳೆ ಎಂದುಕೊಳ್ಳುವಷ್ಟು ದಡ್ಡಿ ನಾನಲ್ಲ, ಆದರೂ ಹಾಗಂದುಕೊಂಡೆ. ಒಂದೇ ಬದಲಾವಣೆ. ಅಂದಿನಿಂದ ಅವಳು ನಮ್ಮ ಜೊತೆ ಉಣ್ಣಲು ಕೂರುವುದಿಲ್ಲ. ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ ಉಣ್ಣುತ್ತಾಳೆ. ತಾಟಿಗೆ ನೀರು ಹಾಕುವ ಸದ್ದು ಕೇಳುತ್ತದೆ. ಕುಡಿಯುವುದು ಕಾಣುವುದಿಲ್ಲ. ಯಾಕವ್ವಾ ಹೀಗೆ ಎಂದು ಕೇಳಬಹುದಿತ್ತು. ಉತ್ತರ ಗೊತ್ತಿದ್ದವರು ಪ್ರಶ್ನೆ ಕೇಳುವುದಿಲ್ಲ.

ಕೇಳುವ ಬದಲು ನಾನು ಪಾರ್ಲರಿನಲ್ಲಿ ಬೀಗಿದೆ. “ಆಯಾ ಅಂತ ಬರೆಸಿದ್ರೆ ಪೂರ್ತಿ ಫ್ರೀ. ಆಯಾ ಇಲ್ಲದಿದ್ರೆ? ಮನೇಲಿ ಇದ್ದವರನ್ನೇ ಮಾಡ್ಕೋಬೇಕು, ಅದಕ್ಕೇನು ಸರ್ಟಿಫಿಕೇಟ್ ಕೇಳ್ತಾರಾ? ಅವ್ರು ಕೇಳಿದ್ರೆ ಹಿಂದೆ ಬೇರೆ ರೂಮು ಕೊಟ್ಟಿದ್ದಾರೆ ಅಂದ್ರಾಯ್ತು” ಎಂದು ಕಣ್ಣು ಹೊಡೆದೆ. ನೀವು ನಕ್ಕಿರಿ. ನಾನು ಯಾರನ್ನು ಮಾಡಿಕೊಂಡಿದ್ದೆ ಎಂದು ಯಾರೂ ಕೇಳಲಿಲ್ಲ.

ಹೋದ ತಿಂಗಳು ಯಲ್ಲಾಪುರದ ಶೈಲಾ ಬಂದಳು. ಹಳೆಯ ಗಿರಾಕಿ, ನಗುಮುಖದ ಹುಡುಗಿ. ಅವಳಿಗೊಂದು ಸಣ್ಣ ಮಗು. ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದಳು: “ಸವಿತಕ್ಕ, ನಿಮ್ಮ ಉಪಾಯ ಮಾಡಿದ್ವಿ ಮಾರಾಯ್ತಿ! ನಮ್ಮ ಅತ್ತೆನ್ನ ಆಯಾ ಅಂತ ಬರೆಸಿದ್ವಿ. ಅವ್ರಿಗೆ ಎಂತದೂ ಗೊತ್ತೇ ಆಗಲಿಲ್ಲ. ನಿಮಗೆ ಹಿಂದೆ ಬೇರೆ ರೂಮು ಕೊಟ್ಟಿದ್ದಾರೆ ಅಂತ ಹೇಳಿದ್ವಿ, ಅಷ್ಟೇ.”

ನನ್ನ ಮಾತೇ. ಅಕ್ಷರ ಬದಲಾಗಿರಲಿಲ್ಲ. ನನ್ನ ಬಾಯಿಂದ ಹೊರಟದ್ದು ಘಟ್ಟದ ಊರುಗಳನ್ನು ಸುತ್ತಿಕೊಂಡು ಇನ್ನೊಬ್ಬ ಮುದುಕಿಯನ್ನು ಕಬ್ಬಿಣದ ಮಂಚದ ಕೆಳಗೆ ಮಲಗಿಸಿ ಬಂದಿತ್ತು. ಶೈಲಾ ನಗುತ್ತಿದ್ದಳು, ಆ ನಗು ನನ್ನದೇ ಅನ್ನಿಸಿ ಅವಳ ಮುಖ ಮುಟ್ಟಲು ನನಗೆ ಅಸಹ್ಯವಾಯಿತು. ಅವಳ ಮೇಲಲ್ಲ, ನನ್ನ ಕೈಯ ಮೇಲೆ.

“ಅಲ್ಲ ಸವಿತಕ್ಕ, ನೀವು ಆಗ ಕರ್ಕೊಂಡು ಹೋಗಿದ್ರಲ್ಲ ಆಯಾ, ಅವ್ಳು ಯಾರು? ಈಗ್ಲೂ ಸಿಗ್ತಾಳಾ? ನಮ್ಮ ಮಗು ನೋಡ್ಕೊಳ್ಳೋಕೆ ಒಬ್ಳು ಬೇಕಿತ್ತು.”

ಅದೇ ಹೊತ್ತಿಗೆ ಅವ್ವ ಮೇಲಿನಿಂದ ಚಹಾ ತಂದಳು. ದಿನಾ ಆ ಹೊತ್ತಿಗೆ ತರುತ್ತಾಳೆ. ಬಾಗಿಲಲ್ಲಿ ಎರಡು ಕಪ್ಪು ಹಿಡಿದುಕೊಂಡು ನಿಂತಿದ್ದವಳು ಮಾತು ಕೇಳಿಸಿಕೊಂಡಿದ್ದಳು. ನನ್ನ ಕೈಯಲ್ಲಿ ದಾರವಿತ್ತು. ಅದನ್ನು ಕೆಳಗಿಟ್ಟೆ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು.

“ಇವರೇ, ಶೈಲಾ,” ಎಂದೆ. “ನಮ್ಮ ಅವ್ವ. ನನ್ನ ಹಡೆದವ್ವ. ಇವರನ್ನೇ ನಾನು ಆಯಾ ಅಂತ ಬರೆಸಿದ್ದು. ಅಲ್ಲಿ ಊಟದ ಹಾಲಲ್ಲಿ ಎಲ್ಲರ ಎದುರು ಕೆಲಸದಾಕಿ ಅಂದೆ. ಬೈದು ಹೊರಗೆ ಕಳಿಸಿದೆ.”

ಶೈಲಾಳ ಬಾಯಿ ಹಾಗೇ ತೆರೆದುಕೊಂಡಿತು. ಅವ್ವ ಕಪ್ಪುಗಳನ್ನು ಕನ್ನಡಿಯ ಮುಂದೆ ಇಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ಶೈಲಾಳ ಕಡೆ ತಿರುಗಿ ನಕ್ಕಳು.

“ಸುಳ್ಳ್ರೀ ತಂಗಿ. ಈಕಿ ಏನೂ ಅಂದಿಲ್ಲ. ನಾನ ಹೇಳಿದ್ದೆ, ಹಂಗ ಬರಸವ್ವಾ, ಸುಮ್ಮನ ರೊಕ್ಕ ಯಾಕ ಹಾಳು ಮಾಡ್ತೀ ಅಂತ. ಆರಾಮ ಇದ್ದು ಬಂದ್ವಿ. ಚಾ ಕುಡೀರಿ, ಆರತೈತಿ.”

ಶೈಲಾಳ ಮುಖ ಹಗುರಾಯಿತು. “ನೋಡಿ ಮತ್ತೆ! ನಿಮ್ಮ ಅವ್ವನೇ ಎಷ್ಟು ಹುಷಾರು! ನಾನು ಎಂತದೋ ಅಂತ ಹೆದರಿಬಿಟ್ಟೆ” ಎಂದು ಕಪ್ಪು ಎತ್ತಿಕೊಂಡಳು. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೊರಗೆ ಹಾಕಿದೆ, ಅವ್ವ ಅದನ್ನು ಸೆರಗಿನಲ್ಲಿ ಒರೆಸಿಬಿಟ್ಟಳು. ಹುಬ್ಬು ತೀಡಿಸಿಕೊಂಡು ಶೈಲಾ ಖುಷಿಯಿಂದ ಹೋದಳು.

ಮೇಲೆ ಹೋಗಿ ಕೇಳಿದೆ. “ಅವ್ವಾ, ಯಾಕ ಹಂಗ ಹೇಳಿದಿ?”

ಅವ್ವ ಪುಟ್ಟನ ಸಮವಸ್ತ್ರಕ್ಕೆ ಗುಂಡಿ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. “ಮಂದಿ ಮುಂದ ಯಾಕ ಹೇಳಾಕ ಹೋದಿ? ನಾಳೆ ಊರೆಲ್ಲಾ ಆಡ್ಕೋತೈತಿ. ನಿನ್ನ ಅಂಗಡಿಗೆ ಯಾರು ಬರತಾರ?” ಎಂದಳು. ದಾರ ಕಡಿದು ಹೇಳಿದಳು: “ನಾ ಯಾರಿಗೂ ಹೇಳಿದ್ದಿಲ್ಲಲ್ಲಬೇ.”

ಇಷ್ಟು ವರ್ಷ ಗುಟ್ಟು ಬಚ್ಚಿಟ್ಟುಕೊಂಡವಳು ನಾನೆಂದು ತಿಳಿದಿದ್ದೆ. ಅಲ್ಲ. ಕಾವಲು ಕಾಯುತ್ತಿದ್ದವಳು ಅವಳು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಯಿಂದ ಹೇಳಿದರೆ ಅವಳು ನಡುವೆ ಬರುತ್ತಾಳೆ. ಅವಳಿಗೆ ಓದಲು ಬಾರದು, ಇಲ್ಲಿಗೆ ಬರಲಾರಳು. ನನ್ನ ಉಪಾಯ ಕಲಿತು ಹೋದವರೆಲ್ಲರಿಗೂ ಇದು ತಲುಪಲಿ. ನಿಮ್ಮ ಮನೆಯ ಮುದುಕಿಗೂ ಏನೂ ಗೊತ್ತಾಗಲಿಲ್ಲ ಎಂದು ನಂಬಿಕೊಂಡಿದ್ದರೆ, ಒಮ್ಮೆ ಅವಳು ಎಲ್ಲಿ ಕುಳಿತು ಉಣ್ಣುತ್ತಾಳೆ ನೋಡಿ. ಪಾರ್ಲರಿಗೆ ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಪಾತ್ರೆಗೆ ಹೆಂಗಸೊಬ್ಬಳನ್ನು ಮತ್ತೆ ಗೊತ್ತುಮಾಡಿದ್ದೇನೆ. ಅದರಿಂದ ಏನೂ ತೀರಿಲ್ಲ ಎಂದು ನನಗೆ ಗೊತ್ತು. ಅವ್ವ ಆಕೆಯ ಪಕ್ಕ ನಿಂತು ತಾನೂ ತಿಕ್ಕುತ್ತಾಳೆ.

ಅವ್ವನ ಹತ್ತಿರ ಕ್ಷಮೆ ಕೇಳಿಲ್ಲ. ಕೇಳಿದರೆ ಕೊಟ್ಟುಬಿಡುತ್ತಾಳೆ, ಗುಂಡಿ ಹಚ್ಚುತ್ತಲೇ, ತಲೆ ಎತ್ತದೆಯೇ. ಅಗ್ಗಕ್ಕೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡೇ ನಾನು ಇಂಥವಳಾದೆ. ಇದೊಂದನ್ನು ಅಗ್ಗಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಇದನ್ನು ಓದಿ, ನಮ್ಮ ಮನೆಗೆ ಬಂದು, ಹೌದೇನಮ್ಮಾ ಎಂದು ಅವಳನ್ನು ಕೇಳಬಹುದು. ಅವಳು ನಿಮಗೆ ಚಹಾ ಕೊಡುತ್ತಾಳೆ, ನಗುತ್ತಾಳೆ, ನನ್ನ ಮಗಳು ಹಂಗೆಲ್ಲ ಮಾಡುವವಳಲ್ಲ ಎನ್ನುತ್ತಾಳೆ. ಅವಳ ಮಾತು ನಂಬಬೇಡಿ.